ಪಿನ್ನು ಹೊಡೆದ ಎರಡು ಪುಟಗಳು: ಪುಸ್ತಕ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ

ಪುಸ್ತಕ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ಸೆಪ್ಟೆಂಬರಿನಲ್ಲಿ ತಾವು ಇಪ್ಪತ್ತೈದು ನಿಮಿಷದಲ್ಲಿ ಮೂವತ್ತೆಂಟು ಪುಸ್ತಕಗಳನ್ನು ಪರಿಶೀಲಿಸಿ, ಅವುಗಳಲ್ಲಿ ಮೂವತ್ತೈದು ಸಾರ್ವಜನಿಕ ಗ್ರಂಥಾಲಯಕ್ಕೆ ‘ಸೂಕ್ತವಲ್ಲ’ ಎಂದು ಬರೆದು ಸಹಿ ಮಾಡಿದಿರಿ. ಆ ಮೂವತ್ತೈದರಲ್ಲಿ ಒಂದು ಪುಸ್ತಕ ಇವತ್ತಿಗೂ ಕಲಬುರಗಿಯ ತಮ್ಮ ಕಚೇರಿಯ ಉಗ್ರಾಣದಲ್ಲಿ ಕಟ್ಟು ಬಿಚ್ಚದೆ ಬಿದ್ದಿದೆ. ಕಮಲಾಪುರದಲ್ಲಿ ಒಬ್ಬ ಹೆಂಗಸು ಅದಕ್ಕಾಗಿ ಕಾಯುತ್ತಿದ್ದಾಳೆ. ಅದನ್ನು ಹೊರಗೆ ಕೊಡಿ ಎಂದು ಕೇಳಿ ನಾನು ಎರಡು ಅರ್ಜಿ ಬರೆದೆ, ಮೂರು ಸಲ ಕಚೇರಿಯ ಬೆಂಚಿನ ಮೇಲೆ ಕೂತು ಎದ್ದು ಬಂದೆ. ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎಂಬ ಉತ್ತರಕ್ಕಿಂತ ಹೆಚ್ಚಿನದು ದೊರೆಯಲಿಲ್ಲ. ಆದ್ದರಿಂದ ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವಳು. ನಿವೃತ್ತಳಾಗಿ ಜೇವರ್ಗಿ ಕಾಲೋನಿಯ ಮನೆಯಲ್ಲಿ ಸುಮ್ಮನೆ ಇದ್ದವಳಿಗೆ ಜುಲೈನಲ್ಲಿ ತಮ್ಮಿಂದಲೇ ಪತ್ರ ಬಂತು. ಗ್ರಂಥಾಲಯಕ್ಕೆ ಹೊಸದಾಗಿ ‘ಗ್ರಾಫಿಕ್ ಕಾದಂಬರಿ’ಗಳನ್ನು ಕೊಳ್ಳುವ ಯೋಚನೆಯಿದೆ, ಚಿತ್ರ ಬಲ್ಲವರೊಬ್ಬರು ಓದಿ ಅಭಿಪ್ರಾಯ ಕೊಡಬೇಕು ಎಂದು. ನನಗೆ ಎಷ್ಟು ಸಂತೋಷವಾಯಿತೆಂದರೆ, ಕನ್ನಡಕದ ನಂಬರು ಬದಲಿಸಿಕೊಂಡು ಬಂದೆ. ಚಿತ್ರಗಳ ಸಾಲಿನಲ್ಲಿ ಕಥೆ ಹೇಳುವ ಇಂಥ ಪುಸ್ತಕಗಳನ್ನು ನಮ್ಮ ಜನ ಮಕ್ಕಳ ಆಟಿಕೆ ಎಂದುಕೊಂಡಿದ್ದಾರೆ. ಕಚೇರಿಯೊಂದು ಅವನ್ನು ಪುಸ್ತಕವೆಂದು ಒಪ್ಪಿತಲ್ಲ ಎಂಬುದೇ ನನಗೆ ದೊಡ್ಡದಾಗಿ ಕಂಡಿತು.

ಪುಸ್ತಕಗಳ ಜೊತೆ ತಾವು ಕಳಿಸಿದ ನಮೂನೆಯನ್ನು ನೋಡಿದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು. ‘ಪುಟಕ್ಕೆ ಸರಾಸರಿ ಎಷ್ಟು ಪದಗಳಿವೆ?’ ಎಂಬುದು ಅದರ ಮೂರನೆಯ ಪ್ರಶ್ನೆ. ಮಾತೇ ಇಲ್ಲದ ಪುಟಗಳಿಗೆ ಸೊನ್ನೆ ಎಂದು ಬರೆದೆ. ನಾನು ಓದಿದವುಗಳಲ್ಲಿ ಅತಿ ಹೆಚ್ಚು ಹೇಳಿದ ಪುಟಗಳು ಅವೇ ಎಂದು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ, ಹಿಂಬದಿಗೆ ಬರೆದೆ. ಹಿಂಬದಿಯನ್ನು ಯಾರಾದರೂ ತಿರುವಿ ನೋಡಿದಿರಾ?

ಚಿತ್ರವಿದೆಯೆಂದು ಎಲ್ಲಕ್ಕೂ ಹೂಂ ಎಂದವಳಲ್ಲ ನಾನು. ಹದಿನಾಲ್ಕನ್ನು ನಾನೇ ಬೇಡವೆಂದಿದ್ದೆ. ಒಂದರಲ್ಲಿ ಹಳ್ಳಿಯ ಜನರಿಗೆಲ್ಲ ಒಂದೇ ಮುಖ, ಪಟ್ಟಣದವರಿಗೆ ಮಾತ್ರ ಬೇರೆ ಬೇರೆ ಮುಖ. ಇನ್ನೊಂದರ ಕನ್ನಡ ಎಷ್ಟು ಕೃತಕವೆಂದರೆ, ಅಳುವ ತಾಯಿ ಸರ್ಕಾರಿ ಸುತ್ತೋಲೆಯ ಹಾಗೆ ಮಾತಾಡುತ್ತಿದ್ದಳು. ಕೆಲವುಗಳಲ್ಲಿ ಅಕ್ಷರ ಎಷ್ಟು ಸಣ್ಣದೆಂದರೆ ಒತ್ತಕ್ಷರ ಕಾಣುತ್ತಿರಲಿಲ್ಲ. ಒಂದೊಂದನ್ನೂ ಎರಡೆರಡು ಸಲ ಓದಿ, ಯಾಕೆ ಬೇಕು, ಯಾಕೆ ಬೇಡ, ಯಾವ ವಯಸ್ಸಿನವರಿಗೆ ಎಂದು ಬರೆದು ಒಪ್ಪಿಸಿದೆ. ಅಷ್ಟು ಮಾಡಿದ ಮೇಲೂ ನನಗೆ ಒಂದು ಅಳುಕು ಉಳಿದಿತ್ತು. ನಾನು ಚಿತ್ರ ಬಿಡಿಸುವವಳು, ನನಗೆ ಹಿಡಿಸಿದ್ದು ಓದುಗರಿಗೂ ಹಿಡಿಸುತ್ತದೆಯೇ? ಅದಕ್ಕೇ ಆಗಸ್ಟಿನಲ್ಲಿ ಹನ್ನೊಂದು ಪುಸ್ತಕಗಳನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಅಲ್ಲಿನ ಗ್ರಂಥಾಲಯ ನೋಡಿಕೊಳ್ಳುವ ಚಂದ್ರಶಾ ನನ್ನ ಹಳೆಯ ವಿದ್ಯಾರ್ಥಿ. ಮೂರು ಭಾನುವಾರ ಮೇಜೊಂದನ್ನು ನನಗೆ ಬಿಟ್ಟುಕೊಟ್ಟ.

ಆ ಹನ್ನೊಂದರಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಾದದ್ದು ಒಬ್ಬ ಹೊಲಿಗೆಯವಳ ಕಥೆ. ಅವಳಿಗೆ ಎದೆಯಲ್ಲಿ ಗಂಟೊಂದು ಕಾಣಿಸಿಕೊಳ್ಳುತ್ತದೆ. ಅದನ್ನು ಕಂಡುಕೊಂಡು, ಹೆದರಿ, ಮುಚ್ಚಿಟ್ಟು, ಕೊನೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಕಥೆ ಅದು. ಕಪ್ಪು ಶಾಯಿಯ ಗೆರೆಗಳು, ಬಣ್ಣವಿಲ್ಲ. ನಡುವೆ ಎದುರುಬದುರಾಗಿ ಎರಡು ಪುಟ. ಅವಳು ಜಳಕದ ಕೋಣೆಯಲ್ಲಿ ಒಂದು ಕೈಯೆತ್ತಿ ನಿಂತಿದ್ದಾಳೆ, ಇನ್ನೊಂದು ಕೈಯ ಬೆರಳಿನಿಂದ ಎದೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಾಳೆ. ನಾಲ್ಕು ಚಿತ್ರ, ಒಂದು ಮಾತೂ ಇಲ್ಲ. ನಾಲ್ಕನೆಯದರಲ್ಲಿ ಬೆರಳು ನಿಂತುಬಿಟ್ಟಿದೆ.

ಆ ಎರಡು ಪುಟಗಳನ್ನು ನಾನು ಪಿನ್ನು ಹೊಡೆದು ಮುಚ್ಚಿದೆ.

ಹೌದು, ನಾನೇ. ಕಮಲಾಪುರಕ್ಕೆ ಹೊರಡುವ ಮುಂಜಾನೆ ಸ್ಟೇಪ್ಲರ್ ತೆಗೆದುಕೊಂಡು ನಾಲ್ಕು ಕಡೆ ಒತ್ತಿದೆ. ವಾಚನಾಲಯದಲ್ಲಿ ಪೇಪರ್ ಓದುವ ಗಂಡಸರು ಕೂತಿರುತ್ತಾರೆ, ಯಾರಾದರೂ ಗದ್ದಲ ಮಾಡಿದರೆ ಚಂದ್ರಶಾನ ನೌಕರಿಗೆ ತೊಂದರೆ ಎಂದು ನನಗೆ ನಾನೇ ಹೇಳಿಕೊಂಡೆ. ಪುಸ್ತಕದ ಜೀವ ಯಾವ ಪುಟದಲ್ಲಿದೆ ಎಂದು ಬಲ್ಲವಳೇ ಆ ಪುಟವನ್ನು ಮುಚ್ಚಿದೆ. ತಮ್ಮನ್ನು ದೂರುವ ಪತ್ರದಲ್ಲಿ ಇದನ್ನು ಬರೆಯದಿದ್ದರೆ ನಾನು ಸುಳ್ಳುಗಾತಿಯಾಗುತ್ತೇನೆ.

ಮೊದಲ ಭಾನುವಾರವೇ ಆ ಪುಸ್ತಕವನ್ನು ಎತ್ತಿಕೊಂಡವರು ಮರೆಮ್ಮ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ನಲವತ್ತು ದಾಟಿದ ಮೇಲೆ ಸ್ವಸಹಾಯ ಸಂಘದಲ್ಲಿ ಅಕ್ಷರ ಕಲಿತವರು. ತುಂಬಿದ ಪುಟ ನೋಡಿದರೆ ದಿಗಿಲಾಗುತ್ತದೆ, ಇದಾದರೆ ಗೆರೆ ಹಿಡಿದುಕೊಂಡು ಹೋಗಬಹುದು ಎಂದರು. ಎರಡು ತಾಸು ತಲೆಯೆತ್ತದೆ ಓದಿದರು. ಆಮೇಲೆ ನನ್ನ ಹತ್ತಿರ ಬಂದರು.

“ಟೀಚರ್ರೀ, ಇಲ್ಲಿ ಏನೋ ತಪ್ಪ್ಯಾದ. ಹಿಂದಿನ ಹಾಳಿಯೊಳಗ ಆಕಿ ಜಳಕಕ್ಕ ಹೋಗ್ಯಾಳ. ಮುಂದಿನ ಹಾಳಿಯೊಳಗ ದವಾಖಾನಿಯೆದುರಿಗಿ ಅಳ್ಕೋತ ನಿಂತಾಳ. ನಡುವ ಏನಾತು?”

“ಏನಿಲ್ಲ ಮರೆಮ್ಮ, ಹಾಳಿ ಅಂಟ್ಯಾವ,” ಎಂದೆ.

“ಪಿನ್ನ್ ಹೊಡೆದಂಗ ಕಾಣ್ತದಲ್ರೀ.”

“ಪ್ರೆಸ್ಸಿನ್ಯಾಗ ಹಂಗೇ ಬಂದದ.”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದರು.

ಸೆಪ್ಟೆಂಬರಿನ ಸಭೆ ತಮಗೆ ನೆನಪಿರಬಹುದು. ತಾವು ಪುಸ್ತಕಗಳನ್ನು ಹೆಬ್ಬೆರಳಿನಿಂದ ಸರಸರ ತಿರುವುತ್ತಿದ್ದಿರಿ. ರಾಜರ ಯುದ್ಧಗಳ ಮೂರು ಪುಸ್ತಕಗಳನ್ನು ಬದಿಗಿಟ್ಟು ‘ಇವು ಇರಲಿ’ ಎಂದಿರಿ. ಅವುಗಳಲ್ಲಿ ರುಂಡಗಳು ಉರುಳಿದ್ದವು, ಪುಟದ ತುಂಬ ರಕ್ತವಿತ್ತು; ಅದು ಯಾರ ಮನಸ್ಸನ್ನೂ ಕೆಡಿಸಲಿಲ್ಲ. ಹೊಲಿಗೆಯವಳ ಪುಸ್ತಕ ಕೈಗೆ ಬಂದಾಗ ತಮ್ಮ ಹೆಬ್ಬೆರಳಿಗೆ ಪಿನ್ನು ತಾಗಿತು. ಪೆನ್ನಿನ ತುದಿಯಿಂದ ಬಿಚ್ಚಿದಿರಿ, ನೋಡಿದಿರಿ, ಪುಸ್ತಕವನ್ನು ಎತ್ತಿ ಎಲ್ಲರಿಗೂ ತೋರಿಸಿದಿರಿ.

“ಮೇಡಂ, ಇದನ್ನ ನೀವೇ ಮುಚ್ಚೀರಿ. ನಿಮಗೇ ತೋರಿಸಾಕ ನಾಚಿಕಿ ಆದದ್ದನ್ನ ನಾವು ಸರ್ಕಾರದ ರೊಕ್ಕದಾಗ ಹೆಂಗ ತೊಗೊಳ್ಳೂದು?”

ಕೋಣೆಯಲ್ಲಿದ್ದವರು ನಕ್ಕರು. ನಾನು ಒಂದೇ ಒಂದು ಮಾತು ಹೇಳಬಹುದಿತ್ತು: ಮುಚ್ಚಿದ್ದು ನನ್ನ ಹೇಡಿತನ, ಪುಸ್ತಕದ ತಪ್ಪಲ್ಲ ಎಂದು. ಹೇಳಲಿಲ್ಲ. ಉಳಿದ ಪುಸ್ತಕಗಳೆಲ್ಲ ‘ಇವೂ ಇಂಥವೇ ಇರಬೇಕು’ ಎಂಬ ಒಂದು ವಾಕ್ಯದಲ್ಲಿ ಹೋದವು. ಓದಿ ತಿರಸ್ಕರಿಸುವುದು ಸಮಿತಿಯ ಹಕ್ಕು, ಒಪ್ಪುತ್ತೇನೆ. ಓದದೆ ತಿರಸ್ಕರಿಸುವುದಕ್ಕೆ ಸಮಿತಿ ಯಾಕೆ ಬೇಕು? ರದ್ದಿ ತೂಗುವ ತಕ್ಕಡಿ ಇದ್ದರೆ ಸಾಕಲ್ಲವೇ?

ದೀಪಾವಳಿ ಮುಗಿದ ಮೂರನೆಯ ವಾರ, ಒಂದು ಮಧ್ಯಾಹ್ನ ನನ್ನ ಮನೆಯ ಬಾಗಿಲು ಬಡಿದದ್ದು ಮರೆಮ್ಮ. ಚಂದ್ರಶಾನಿಂದ ವಿಳಾಸ ಬರೆಸಿಕೊಂಡು ಬಂದಿದ್ದರು. ನೀರು ಕುಡಿಯಲಿಲ್ಲ, ಕೂರಲಿಲ್ಲ.

“ಆ ಹೊಲಿಗಿಯಾಕಿ ಪುಸ್ತಕ ಬೇಕಾಗಿತ್ರೀ. ಮೂರು ಸಲ ಲೈಬ್ರರಿಗಿ ಹೋಗಿ ಕೇಳೀನಿ. ಚಂದ್ರಶಾ ಅಣ್ಣಾರು ಕಲಬುರಗಿಗಿ ವಾಪಸ್ ಹೋಗ್ಯಾದ ಅಂದ್ರು.”

ಯಾಕೆ ಎಂದು ಕೇಳಿದೆ. ಅವರು ನಿಂತಲ್ಲೇ ಹೇಳಿದರು. ಅವರ ತಂಗಿ ಭಾಗಮ್ಮ ಕೆಂಪು ಬಾಳೆಯ ತೋಟದಲ್ಲಿ ಕೂಲಿ ಮಾಡುತ್ತಾಳೆ, ಗೊನೆ ಹೊರುವ ಕೆಲಸ. ಆಗಸ್ಟಿನ ಆ ಭಾನುವಾರ ಮರೆಮ್ಮ ಮನೆಗೆ ಹೋಗಿ ಆ ಹೊಲಿಗೆಯವಳ ಕಥೆಯನ್ನು ತಂಗಿಗೆ ಹೇಳಿದ್ದರು. ಭಾಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಆಕಿಗಿ ಗಂಟು ಅದ ಅಂತ ಹೆಂಗ ತಿಳೀತು?” ಎಂದು ಕೇಳಿದ್ದಳಂತೆ. “ಅದೇ ಹಾಳಿ ಅಂಟ್ಯಾವ” ಎಂದಿದ್ದರು ಅಕ್ಕ. ಭಾಗಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಅವಳಿಗೆ ಆಗಲೇ ಎಡ ಎದೆಯಲ್ಲಿ ಕಡಲೆ ಕಾಳಿನಷ್ಟು ಗಂಟು ಇತ್ತು. ಗೊನೆ ಹೊತ್ತು ಹೊತ್ತು ಬಾತಿರಬೇಕು ಎಂದುಕೊಂಡಿದ್ದಳು. ದೀಪಾವಳಿಯ ಎಣ್ಣೆ ಸ್ನಾನದ ದಿನ ಬೆನ್ನುಜ್ಜಲು ಹೋದ ಅಕ್ಕನ ಕೈಗೆ ಅದು ಸಿಕ್ಕಿತು. ಆ ಹೊತ್ತಿಗೆ ನಿಂಬೆಕಾಯಷ್ಟಾಗಿತ್ತು.

“ಈಗಲೇ ದವಾಖಾನೆಗೆ ಕರ್ಕೊಂಡು ಬರಬೇಕು, ಒಂದು ದಿನ ತಡ ಮಾಡಬಾರದು,” ಎಂದೆ.

“ಹೇಳಿ ಸಾಕಾಗ್ಯಾದ್ರೀ. ದವಾಖಾನಿ ಅಂದ್ರ ಎದ್ದು ಹೊರಗ ಹೋಗ್ತಾಳ. ಬಾಯಿಲೆ ಹೇಳಿದ್ರ ಆಕಿ ಕೇಳಂಗಿಲ್ಲ. ಚಿತ್ರ ಕೊಟ್ರ ಒಬ್ಬಾಕಿನೇ ಕುಂತು ನೋಡ್ತಾಳ. ಅದಕ್ಕೇ ಬಂದೀನಿ.”

ಪುಸ್ತಕ ತಮ್ಮ ಉಗ್ರಾಣದಲ್ಲಿತ್ತು. ಪ್ರಕಾಶಕರಿಗೆ ಫೋನು ಹಚ್ಚಿದೆ. ಸಣ್ಣವರು, ಅಚ್ಚು ಹಾಕಿಸಿದ ಪ್ರತಿಗಳು ಮುಗಿದಿದ್ದವು, ಗ್ರಂಥಾಲಯ ಕೊಂಡರೆ ಮತ್ತೆ ಹಾಕಿಸುವುದಾಗಿ ಹೇಳಿದರು. ಆಗ ನಾನು ಡ್ರಾಯಿಂಗ್ ಶೀಟು ಹಾಸಿ ಕೂತೆ. ನೆನಪಿನಿಂದ ಆ ನಾಲ್ಕು ಚಿತ್ರಗಳನ್ನು ಬಿಡಿಸಿದೆ. ಮೂಲದ ಗೆರೆಯ ಬಿಗಿ ನನಗೆ ಬರಲಿಲ್ಲ. ಮರೆಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ನಾಲ್ಕನೆಯದು ಮುಗಿದಾಗ ಕೇಳಿದರು: “ಇದೇ ಏನ್ರೀ ಅಂಟಿದ ಹಾಳಿ?”

“ಇದೇ. ಅಂಟಿರಲಿಲ್ಲ ಮರೆಮ್ಮ. ನಾನೇ ಪಿನ್ನ್ ಹೊಡೆದಿದ್ದೆ.”

“ಗೊತ್ತಿತ್ರೀ,” ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಹಾಳೆಯನ್ನು ಸುತ್ತಿ ಸೆರಗಿನಲ್ಲಿ ಹಿಡಿದುಕೊಂಡು ಬಸ್ಸಿಗೆ ಹೋದರು.

ಭಾಗಮ್ಮ ಆ ಹಾಳೆಯನ್ನು ಎರಡು ದಿನ ಟ್ರಂಕಿನಲ್ಲಿಟ್ಟುಕೊಂಡು, ಯಾರೂ ಇಲ್ಲದಾಗ ತೆಗೆದು ನೋಡಿದಳಂತೆ. ಮೂರನೆಯ ದಿನ ತಾನೇ ಅಕ್ಕನಿಗೆ “ನಡಿ” ಎಂದಳು. ಕಲಬುರಗಿಯ ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು, ಡಿಸೆಂಬರಿನಲ್ಲಿ ಆಪರೇಷನ್ ಆಯಿತು. ಎಡ ಎದೆಯನ್ನು ಪೂರ್ತಿ ತೆಗೆದರು. ರೋಗ ಕಂಕುಳಿಗೂ ಹಬ್ಬಿತ್ತು. ನಾನು ಡಾಕ್ಟರಮ್ಮನನ್ನು ಕೇಳಿದೆ, ಆಗಸ್ಟಿನಲ್ಲಿ ಬಂದಿದ್ದರೆ ಎಂದು. “ಇಷ್ಟು ದೊಡ್ಡ ಆಪರೇಷನ್ ಬೇಕಾಗ್ತಿರಲಿಲ್ಲೇನೋ. ಖಾತ್ರಿಯಾಗಿ ಹೇಳಾಕ ಬರಂಗಿಲ್ಲ,” ಎಂದರು. ಆ ‘ಏನೋ’ ನನ್ನ ಜೊತೆ ಮನೆಗೆ ಬಂದಿದೆ, ಹೋಗುತ್ತಿಲ್ಲ.

ಪುಸ್ತಕದಿಂದ ರೋಗ ವಾಸಿಯಾಗುತ್ತದೆ ಎಂದು ನಾನು ವಾದಿಸುತ್ತಿಲ್ಲ. ತಮ್ಮ ಸಹಿಯಿಂದ ಭಾಗಮ್ಮನಿಗೆ ಗಂಟಾಯಿತು ಎಂದೂ ಹೇಳುತ್ತಿಲ್ಲ. ನಾನು ಆ ಪುಟ ತೆರೆದಿಟ್ಟಿದ್ದರೂ ಅವಳು ಹೆದರಿ ಮನೆಯಲ್ಲೇ ಕೂರುತ್ತಿದ್ದಳೋ ಏನೋ. ಆದರೆ ಅವಳು ಒಂದು ಪ್ರಶ್ನೆ ಕೇಳಿದ್ದಳು. ಅದಕ್ಕೆ ಉತ್ತರ ಅಚ್ಚಾಗಿ, ಅವಳ ಊರಿನ ಮೇಜಿನ ಮೇಲೆ, ಅವಳ ಅಕ್ಕನ ಕೈಯಲ್ಲೇ ಇತ್ತು. ನಾನು ಮುಚ್ಚಿದೆ, ತಾವು ಉಗ್ರಾಣಕ್ಕೆ ಹಾಕಿದಿರಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಯಾರೊಬ್ಬರಾದರೂ ಓದಿದ್ದರೆ ಆ ಚಿತ್ರ ಯಾಕಿದೆಯೆಂದು ತಿಳಿಯುತ್ತಿರಲಿಲ್ಲವೇ? ಒಂದು ಪುಟವನ್ನು ಕಿತ್ತು ಎತ್ತಿ ತೋರಿಸಿದರೆ ಯಾವ ಹೆಂಗಸಿನ ಮೈಯೂ ಅಶ್ಲೀಲವಾಗಿಯೇ ಕಾಣುತ್ತದೆ. ಹಿಂದಿನ ಪುಟದ ಹೆದರಿಕೆ, ಮುಂದಿನ ಪುಟದ ಅಳು ಸೇರಿದಾಗ ಅದು ಮನುಷ್ಯಳೊಬ್ಬಳ ಕಥೆಯಾಗುತ್ತದೆ. ಇಂಥ ಪುಸ್ತಕಗಳನ್ನು ಅಳೆಯುವ ಬಗೆ ಇಷ್ಟೇ: ಚಿತ್ರವನ್ನು ಚಿತ್ರದ ಪಕ್ಕದಲ್ಲಿಟ್ಟು ಓದಬೇಕು. ಅದಕ್ಕೆ ಬೇಕಾದದ್ದು ವಿದ್ವತ್ತಲ್ಲ, ಒಂದು ಮಧ್ಯಾಹ್ನ.

ಅಕ್ಕತಂಗಿಯರ ಹೆಸರು ಬರೆಯಲು ನಾನು ಹಿಂಜರಿದಿದ್ದೆ. “ಬರೀರಿ. ಮುಚ್ಚೂದು ಸಾಕಾತು,” ಎಂದು ಭಾಗಮ್ಮನೇ ಹೇಳಿದಳು.

ಹಾಗಾಗಿ ನನ್ನ ಬೇಡಿಕೆ ಇದು. ಆ ಮೂವತ್ತೈದರ ಕಟ್ಟು ಬಿಚ್ಚಿ, ಓದಿದವರನ್ನು ಮಾತ್ರ ಕೂರಿಸಿಕೊಂಡು ಇನ್ನೊಮ್ಮೆ ಸಭೆ ಮಾಡಿ. ಆ ಸಭೆಗೆ ಗ್ರಂಥಾಲಯಕ್ಕೆ ನಿಜವಾಗಿ ಬರುವ ಇಬ್ಬರು ಓದುಗರನ್ನು ಕರೆಯಿರಿ. ಮರೆಮ್ಮ ಬರುತ್ತೇನೆಂದಿದ್ದಾರೆ, ಶಾಲೆಯ ಅಡುಗೆ ಮುಗಿದ ಮೇಲೆ ಎರಡು ಗಂಟೆಗೆ ಇಟ್ಟರೆ. ಬೇಡವಾದ ಪುಸ್ತಕಕ್ಕೆ ಬೇಡವಾದ ಕಾರಣವನ್ನು ಪೂರ್ಣ ವಾಕ್ಯದಲ್ಲಿ ಬರೆಯಿರಿ. ನನ್ನನ್ನು ಮತ್ತೆ ಮೌಲ್ಯಮಾಪಕಿಯಾಗಿ ಕರೆಯಬೇಕೆಂದು ಕೇಳುವುದಿಲ್ಲ. ಆ ಯೋಗ್ಯತೆಯನ್ನು ನಾನೇ ಕಳೆದುಕೊಂಡಿದ್ದೇನೆ.

ಇದಕ್ಕೆಲ್ಲ ತಿಂಗಳುಗಟ್ಟಲೆ ಬೇಕಾದರೆ ಆಗಲಿ. ಆದರೆ ಒಂದು ಕೆಲಸ ಈ ವಾರವೇ ಆಗಬೇಕು. ಭಾಗಮ್ಮನಿಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಔಷಧಿ ಏರಿಸುತ್ತಿದ್ದಾರೆ. ಕೂದಲು ಉದುರಿದೆ, ರೊಟ್ಟಿ ಸೇರುವುದಿಲ್ಲ. ಮೊನ್ನೆ ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು, “ಟೀಚರ್ರೀ, ಆ ಹೊಲಿಗಿಯಾಕಿ ಕಡಿಗಿ ಏನಾದಳು?” ಎಂದು ಕೇಳಿದಳು. ನನಗೆ ಗೊತ್ತು, ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

“ಬ್ಯಾಡ್ರೀ, ಹೇಳಬ್ಯಾಡ್ರೀ. ಅಕ್ಕನ ಕೂಡ ಕುಂತು ನಾನೇ ನೋಡ್ತೀನಿ. ಪುಸ್ತಕ ತಂದು ಕೊಡ್ರಿ.”

ಅವಳ ಔಷಧಿಯ ಮುಂದಿನ ಸರದಿ ಬರುವ ಗುರುವಾರ. ಅಷ್ಟರೊಳಗೆ ಕೊಡಿ.

ಇಂತಿ,
ತಾವು ಮಾಡಿದ ತಪ್ಪನ್ನು ತಮಗಿಂತ ಒಂದು ತಿಂಗಳು ಮೊದಲೇ ಮಾಡಿದ
ಮಲ್ಲಿಕಾ
ನಿವೃತ್ತ ಚಿತ್ರಕಲಾ ಶಿಕ್ಷಕಿ, ಜೇವರ್ಗಿ ಕಾಲೋನಿ, ಕಲಬುರಗಿ