ಮುಂಗಾಲಿನ ಬೀಗ

ವಿಲ್‌ಗ್ರಾಟೆನ್, ಮಾರ್ಚ್

ಅಪ್ಪಾ,

ಕೂಗಾಡಬೇಡಿ, ನಿಮ್ಮ ಸ್ಕೀಗಳನ್ನು ರಿಪೇರಿಗೆ ಒಯ್ದವಳು ನಾನೇ. ಬೂಟಿನ ತುದಿ ಹಿಡಿಯುವ ಪಿನ್ನುಗಳು ಸವೆದು, ತಾವಾಗಿಯೇ ಬಿಟ್ಟುಕೊಳ್ಳುತ್ತಿವೆ. ಅದಕ್ಕೇ ನೀವು ಬೆಟ್ಟ ಹತ್ತುವಾಗ ಬೂಟು ಕಳಚದಂತೆ ಆ ಪಿನ್ನುಗಳಿಗೆ ಹಾಕಿದ ಬೀಗವನ್ನು ಇಳಿಯುವಾಗಲೂ ತೆಗೆಯುವುದಿಲ್ಲ. ಕೇಳಿದರೆ, "ಕಡಿದಾದ ಜಾಗದಲ್ಲಿ ಸ್ಕೀ ಕಳಚಿದ್ರೆ ನಾನು ಕೆಟ್ಟೆ ಕಣೇ, ನಂಗೇ ಪಾಠ ಹೇಳ್ತೀಯಾ?" ಅನ್ನುತ್ತೀರಿ. ಹಿಮ ಕುಸಿದರೆ ಅದೇ ಬೀಗದಿಂದಾಗಿ ಸ್ಕೀ ಕಾಲು ಬಿಡದೆ ಹಿಮದೊಳಕ್ಕೆ ಎಳೆಯುತ್ತದಲ್ಲ?

ಒಲೆಯ ಮೇಲೆ ಸಾರಿದೆ. ನಾಳೆ ಅತಿಥಿಗಳನ್ನು ಬೆಟ್ಟಕ್ಕೆ ಕರೆದೊಯ್ಯಲೇಬೇಕಿದ್ದರೆ ನನ್ನ ತಮ್ಮ ಕಾಸಿಯನ್‌ನ ಸ್ಕೀ ತೆಗೆದುಕೊಳ್ಳಿ. ನಿಮ್ಮಿಬ್ಬರ ಪಾದದ ಅಳತೆ ಒಂದೇ. ಹಿಮದಡಿಯಿಂದ ಅವನ ದೇಹವನ್ನು ಎಳೆದು ತೆಗೆದ ದಿನದಿಂದ ಅವು ಕೊಟ್ಟಿಗೆಯಲ್ಲೇ ಇವೆ. ನೀವು ಕಲಿಸಿದಂತೆ ಬೀಗ ಹಾಕಿಯೇ ಇದೆ, ಅವನ ಬೂಟುಗಳೂ ಅದರಲ್ಲೇ ಇವೆ. ನನ್ನಿಂದ ತೆಗೆಯಲಾಗಲಿಲ್ಲ. ನೀವೇ ತೆಗೆಯಿರಿ.

ನಿಮ್ಮ ಮಗಳು,
ವಾಲ್ಬುರ್ಗಾ