ಕಿವಿಗೆ ಅಡ್ಡ ಹಿಡಿದ ಅಂಗೈ

ಅಮ್ಮಾ,

ನೀನು ಓದುವುದಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ನೀನು ತೀರಿಕೊಂಡ ಮೇಲೆ ನಾನೂ ನರ್ಸಿಂಗ್ ಕಲಿಯಲು ಸೇರಿದೆ. ಹಾಸಿಗೆ ಹಿಡಿದವರಿಗೆ ಮಲಗಿದಲ್ಲೇ ತಲೆ ತೊಳೆಯುವುದು ಹೇಗೆಂದು ಇವತ್ತು ತೋರಿಸಿದರು. ರೋಗಿಯಾಗಿ ಮಲಗುವ ಸರದಿ ನನ್ನದಾಗಿತ್ತು.

ಪಾಠ ಹೇಳುವ ಸಿಸ್ಟರ್ ನಿನ್ನ ಕೈಕೆಳಗೆ ಪಳಗಿದವರು. ಟವೆಲ್ ಮಡಚಿ ನನ್ನ ಕತ್ತಿನಡಿ ಇಟ್ಟರು. ನೀರನ್ನು ಮೊದಲು ತಮ್ಮ ಮಣಿಕಟ್ಟಿಗೆ ಸುರಿದುಕೊಂಡು ನೋಡಿದರು. ಆಮೇಲೆ ನನ್ನ ಕಿವಿಗೆ ಅಂಗೈ ಅಡ್ಡ ಹಿಡಿದರು.

"ಇದೆಲ್ಲ ನಿಮ್ಮಮ್ಮ ಕಲಿಸಿದ್ದು ಕಣೇ. ಪೇಷಂಟ್ ಕಿವಿಗೆ ಒಂದು ಹನಿ ಹೋದ್ರೂ ನನ್ನ ಚಳಿ ಬಿಡಿಸ್ತಿದ್ರು. ನಿಂಗೆ ಮನೇಲೇ ಗೊತ್ತಿರುತ್ತೆ ಬಿಡು" ಅಂದರು.

ಏನು ಗೊತ್ತಿರುತ್ತೆ, ಮಣ್ಣು? ಡ್ಯೂಟಿಗೆ ಹೊತ್ತಾಯಿತೆಂದು ನೀನು ನನ್ನ ತಲೆಗೆ ದಬದಬನೆ ನೀರು ಸುರಿದು ಓಡುತ್ತಿದ್ದೆ. ಕಣ್ಣಲ್ಲಿ ಸೋಪು, ಕಿವಿ ತುಂಬ ನೀರು. ಹಾಗಾದರೆ ಈ ಅಂಗೈ ಊರವರ ಮಕ್ಕಳಿಗೆ ಮಾತ್ರ ಇತ್ತೇನಮ್ಮ? ನಿನ್ನ ವಾರ್ಡಿನಲ್ಲಿ ಮಲಗಿದ್ದ ಒಬ್ಬೊಬ್ಬರ ಮೇಲೂ, ಈ ಸಿಸ್ಟರ್ ಮೇಲೂ ನನಗೆ ಹೊಟ್ಟೆ ಉರಿದುಹೋಯಿತು.

"ಆಯ್ತು, ಏಳಮ್ಮ" ಅಂದರು ಸಿಸ್ಟರ್.

ನಾನು ಕಣ್ಣು ಬಿಡಲಿಲ್ಲ. "ಸೋಪು ಇನ್ನೂ ಹೋಗಿಲ್ಲ ಸಿಸ್ಟರ್" ಎಂದು ಸುಳ್ಳು ಹೇಳಿದೆ.