ಏಳನೇ ಗೋಡೆಯ ಬಿಳಿ ಗೀಟು

ಮಾರ್ಚ್ 4, ಮಂಗಳವಾರ

ಮೂರನೇ ಬಂಡೆಗೋಡೆ ಮುಗೀತು. ಕೆಂಪು ಗುರುತು ಆರು, ಉಳಿದದ್ದೆಲ್ಲ ಬಿಳಿ. ಸೊಂಟ ಹಿಡ್ಕೊಂಡಿದೆ.

ಹತ್ತು ಗಂಟೆಯವರೆಗೆ ಹಗ್ಗಕ್ಕೆ ಇಳಿಯಲಿಲ್ಲ. ಬಿಸಿಲು ತಾಗಿ ಬಿರುಕಿನ ಹಿಮ ಕರಗುವವರೆಗೆ ಬಂಡೆ ತಟ್ಟಬಾರದು, ಹೆಪ್ಪುಗಟ್ಟಿದ ಬಂಡೆ ಸಡಿಲ ಇದ್ರೂ ಗಟ್ಟಿ ಅಂತ ಸುಳ್ಳು ಹೇಳುತ್ತೆ. ಇಂಜಿನಿಯರ್ ಬ್ರುಮತ್‌ಗೆ ಇದು ತಲೆಗೆ ಹೋಗಲ್ಲ. ಎಂಟಕ್ಕೇ ಫೋನು. "ಏನು ದುಯಿಲಿಯೋ, ಕಾಫಿ ಕುಡೀತಾ ಕೂತಿದೀರಾ?" ಹೌದು ಸಾರ್, ಬಂಡೆಗೂ ಒಂದು ಕಪ್ ಕೊಟ್ಟಿದೀವಿ ಅಂದೆ.

ಒಟ್ಟು ಹನ್ನೊಂದು ಗೋಡೆ. ಏಪ್ರಿಲ್ ಹನ್ನೆರಡಕ್ಕೆ ಸೈಕಲ್ ದಾರಿ ತೆರೀಬೇಕು. ರೈಲು ನಿಂತ ಮೇಲೆ ಕಂಬಿ ಕಿತ್ತು ಟಾರು ಹಾಕಿದ ದಾರಿ. ಕಾರಿಲ್ಲ, ಲಾರಿಯಿಲ್ಲ. ಆಸ್ಟ್ರಿಯಾದಿಂದ ಬರೋರು ಪುಟ್ಟ ಮಕ್ಕಳನ್ನ ಹಿಂದೆ ಕಟ್ಟಿದ ಗಾಡಿಯಲ್ಲಿ ಕೂರಿಸ್ಕೊಂಡು ಸಮುದ್ರದವರೆಗೂ ಇಳೀತಾರೆ. ನಿಶ್ಚಿಂತೆ. ತಲೆ ಎತ್ತಿ ಯಾರೂ ನೋಡಲ್ಲ. ಮೇಲೆ ನೋಡೋದಕ್ಕೆ ನಮಗೆ ಸಂಬಳ.

ಮಾರ್ಚ್ 7, ಶುಕ್ರವಾರ

ನೀವೆಸ್ ಮೂರು ಸಲ ಸೀಟಿ ಊದಿದಳಂತೆ. ಕೆಳಗೆ ಯಾರೋ ಬೇಲಿ ದಾಟಿ ನಾಯಿ ಓಡಾಡಿಸ್ತಿದ್ದರಂತೆ. ನಾನು ಹಾರೆ ಹಾಕಿ ಮೀಟ್ತಾನೇ ಇದ್ದೆ. ಕೊನೆಗೆ ನನ್ನ ಹಗ್ಗ ಹಿಡಿದು ಅಲ್ಲಾಡಿಸಿದಳು.

"ಚಿಕ್ಕಪ್ಪ, ನಿನಗೆ ಕಿವಿ ಕೇಳಿಸ್ತಾ ಇಲ್ವಾ?"

"ಗಾಳಿ ಕಣೇ."

ಗಾಳಿ ಇರಲಿಲ್ಲ. ಎಲೆ ಕೂಡ ಅಲ್ಲಾಡ್ತಿರಲಿಲ್ಲ. ಅವಳು ತನ್ನ ಹಗ್ಗಕ್ಕೆ ವಾಪಸ್ ಹೋದಳು. ಅಣ್ಣನ ಮಗಳು, ಹಗ್ಗದ ಮೇಲೆ ನಾಲ್ಕನೇ ವರ್ಷ. ನನ್ನ ಮಾತನ್ನ ದೇವರ ಮಾತು ಅಂದ್ಕೊಂಡಿದಾಳೆ.

ಮನೆಯಲ್ಲಿ ಹೆಂಡತಿ ಒನೊರೀನಾ ರೇಡಿಯೋ ಆರಿಸಿದಳು. "ಇಡೀ ಊರಿಗೆ ಸುದ್ದಿ ಓದಿಸ್ತೀಯಾ? ಪಕ್ಕದ ಮನೆಯೋರು ಚಂದಾ ಕೊಡ್ಬೇಕು ನಿನಗೆ."

ಮಾರ್ಚ್ 9, ಭಾನುವಾರ

ಒನೊರೀನಾ ಚರ್ಚಿಗೆ ಹೋದಾಗ ಮಾಡಿದೆ.

ಹೊಸಬರಿಗೆ ನಾನೇ ಇಡೋ ಪರೀಕ್ಷೆ. ಎರಡು ಪಿಂಗಾಣಿ ಬಟ್ಟಲು — ಒಂದು ಗಟ್ಟಿ, ಒಂದು ಕೂದಲೆಳೆ ಬಿರುಕು ಬಿಟ್ಟದ್ದು. ಕಣ್ಣು ಮುಚ್ಚಿ ಚಮಚದಲ್ಲಿ ತಟ್ಟಬೇಕು. ಗಟ್ಟಿದು ಖಣ್ ಅನ್ನುತ್ತೆ, ಬಿರುಕಿನದು ಬೊದ್. ಬಂಡೆಯೂ ಅಷ್ಟೇ. ಖಣ್‌ಗೆ ಬಿಳಿ ಗೀಟು. ಬೊದ್‌ಗೆ ಕೆಂಪು ಕತ್ತರಿ ಗುರುತು, ಅಂದ್ರೆ ಅದನ್ನ ಕೆಡವಬೇಕು. ಅನುಮಾನಕ್ಕೂ ಕೆಂಪೇ. ಇಷ್ಟೇ ನನ್ನ ವಿದ್ಯೆ. ಮೂವತ್ತೊಂದು ವರ್ಷ ಇದರಲ್ಲೇ ಉಂಡದ್ದು.

ಕಣ್ಣು ಮುಚ್ಚಿ ಬಟ್ಟಲು ಅದಲು ಬದಲು ಮಾಡಿದೆ. ತಟ್ಟಿದೆ.

ಎರಡೂ ಒಂದೇ. ಟಪ್. ಟಪ್.

ಹತ್ತು ಸಲ ಮಾಡಿದೆ. ಐದು ಸರಿ, ಐದು ತಪ್ಪು. ಕುರಿ ತಟ್ಟಿದ್ರೂ ಅಷ್ಟು ಸರಿ ಬರ್ತಿತ್ತು. ನಾಚಿಕೆ ಆಯ್ತು, ಆಮೇಲೆ ಹೆದರಿಕೆ. ಬಟ್ಟಲು ತೊಳೆದು ಕಪಾಟಿನಲ್ಲಿಟ್ಟೆ.

ಮಾರ್ಚ್ 10, ಸೋಮವಾರ

ಹೇಳಿಬಿಡೋಣ ಅಂತಲೇ ಹೊರಟದ್ದು. ಬ್ರುಮತ್ ದಾರಿಯಲ್ಲೇ ಸಿಕ್ಕಿದ. "ನಿಮ್ಮ ಸಹಿ ಇದ್ರೆ ನಾನು ರಾತ್ರಿ ನಿದ್ದೆ ಮಾಡ್ತೀನಿ ನೋಡಿ" ಅಂದ. ಹಗ್ಗ ಹೆಗಲಿಗೆ ಹಾಕ್ಕೊಂಡು ಮೇಲೆ ಹತ್ತಿದೆ.

ಅಂಗೈ ಬಂಡೆಗೆ ಒತ್ತಿ ತಟ್ಟಿ ನೋಡಿದೆ. ನಡುಕ ಕೈಗೆ ಸಿಗಬೇಕು, ಹಳಬರು ಹಾಗೆ ಮಾಡ್ತಿದ್ದರು. ಆದರೆ ಡ್ರಿಲ್ ಹಿಡಿದು ಹಿಡಿದು ಬೆರಳುಗಳು ಯಾವತ್ತೋ ಮರಗಟ್ಟಿವೆ. ಸಿಗಲಿಲ್ಲ.

ಇನ್ನೊಂದು ಸಿಕ್ಕಿತು. ನೀವೆಸ್ ಪಕ್ಕದ ಹಗ್ಗದಲ್ಲಿ ಇರ್ತಾಳೆ. ನಾನು ತಟ್ಟಿದಾಗ ಬೊದ್ ಅಂದ್ರೆ ಅವಳ ಎಡ ಹುಬ್ಬು ಸ್ವಲ್ಪ ಮೇಲೇಳುತ್ತೆ. ಅವಳಿಗೇ ಗೊತ್ತಿಲ್ಲ. ಹುಬ್ಬು ಎದ್ದರೆ ಕೆಂಪು. ಏಳದಿದ್ದರೆ ಬಿಳಿ.

ಮಾರ್ಚ್ 13, ಗುರುವಾರ

ಐದನೇ ಗೋಡೆ ಮುಗೀತು. ನಡೀತಾ ಇದೆ. ಬಂಡೆ ಪರೀಕ್ಷೆ ಅವಳದು, ಬಣ್ಣದ ಡಬ್ಬಿ ನಂದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಇರಲಿ. ಅವಳ ಕಿವಿ ಚೆನ್ನಾಗಿದೆ. ಕೆಲಸ ಸರಿಯಾಗ್ತಿದೆಯಲ್ಲ... ಯಾರಿಗೇನು ಮೋಸ?

ಹೀಗೆ ಬರೆದು ಓದಿದೆ. ಕೆನ್ನೆಗೆ ಹೊಡ್ಕೋಬೇಕು ಅನ್ನಿಸ್ತು.

ಮಾರ್ಚ್ 20, ಗುರುವಾರ

ಏಳನೇ ಗೋಡೆ. ಎರಡನೇ ಸುರಂಗದ ಬಾಯಿಯ ಮೇಲೆಯೇ ಇರೋದು. ದೊಡ್ಡದು, ಸುಣ್ಣಕಲ್ಲು, ಹಾಳಾದ್ದು.

ನಡುವೆ ಒಂದು ಉಬ್ಬು, ಪಾತ್ರೆ ಕಪಾಟಿನಷ್ಟು ದೊಡ್ಡದು. ತಟ್ಟಿದೆ. ನೀವೆಸ್ ಮುಖ ನೋಡಿದೆ. ಹುಬ್ಬು ಏಳಲಿಲ್ಲ. ಆದರೆ ಅವಳೂ ನನ್ನ ಮುಖವನ್ನೇ ನೋಡ್ತಿದ್ದಳು. ಇನ್ನೊಮ್ಮೆ ತಟ್ಟಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡ್ಕೊಂಡು ತೂಗಾಡಿದೆವು.

ಬಿಳಿ ಹಾಕಿದೆ. "ಸರಿ" ಅಂದಳು.

ಮಾರ್ಚ್ 21, ಶುಕ್ರವಾರ

ಮಧ್ಯಾಹ್ನ ಊಟದ ಹೊತ್ತಿಗೆ, ಪೊಲೆಂಟಾ ಮುದ್ದೆ ಕತ್ತರಿಸ್ತಾ ನಾನೇ ಅಂದೆ, "ಎಂಟನೇ ಗೋಡೆಯಿಂದ ನೀನೇ ತಟ್ಟು, ನೀನೇ ಬಣ್ಣ ಹಾಕು. ನಾನು ಹಗ್ಗ ನೋಡ್ಕೋತೀನಿ."

ಅವಳ ಮುಖ ಅರಳಿತು. "ನಿಜವಾಗ್ಲೂ? ನನ್ನನ್ನ ನಂಬ್ತೀಯಾ?"

ನಂಬ್ತೀನಿ ಅಂದೆ. ಈ ತಿಂಗಳಲ್ಲಿ ಆಡಿದ ಒಂದೇ ನಿಜ. ಇನ್ನು ಅಪಾಯವಿಲ್ಲ. ಮೈ ಹಗುರಾಯ್ತು.

ಏಪ್ರಿಲ್ 8, ಮಂಗಳವಾರ

ಹನ್ನೊಂದೂ ಆಯ್ತು. ಎಂಟರಿಂದ ಹನ್ನೊಂದರವರೆಗೆ ನೀವೆಸ್ ಒಬ್ಬಳೇ ತಟ್ಟಿದ್ದು. ಕೆಂಪು ಬಹಳ ಕಮ್ಮಿ ಹಾಕಿದಾಳೆ. ಚಳಿಗಾಲ ಅಷ್ಟು ಕೆಟ್ಟದಾಗಿರಲಿಲ್ಲ, ಅದಕ್ಕಿರಬೇಕು. ಬ್ರುಮತ್ ಖುಷಿ.

ವರದಿಗೆ ಸಹಿ ಹಾಕಿದೆ. ಇಬ್ಬರ ಹೆಸರೂ ಇದೆ, ನಂದು ಮೇಲೆ.

ಏಪ್ರಿಲ್ 11, ಶುಕ್ರವಾರ, ಸಂಜೆ 7

ಇದ್ದ ಹಾಗೆ ಬರೀತೀನಿ.

ನೀವೆಸ್ ಊಟಕ್ಕೆ ಬಂದಿದ್ದಳು. ಒನೊರೀನಾ ಚೀಸು ಆಲೂಗಡ್ಡೆ ಹಾಕಿ ಫ್ರಿಕೊ ಹುರಿದಿದ್ದಳು. ವೈನ್ ಎರಡನೇ ಲೋಟ. ನೀವೆಸ್ ಕೆನ್ನೆ ಕೆಂಪಾಗಿತ್ತು. ನನ್ನ ಬಲಗಡೆ, ಇನ್ನೂ ಸ್ವಲ್ಪ ಕೇಳಿಸೋ ಕಿವಿಗೆ ಹತ್ತಿರ ಕೂತಿದ್ದಳು. ಪ್ರತಿ ಮಾತೂ ಕೇಳಿಸ್ತು.

"ಚಿಕ್ಕಪ್ಪ, ಒಂದು ಹೇಳ್ತೀನಿ, ನಗಬೇಡ. ಏಳರಲ್ಲಿ ಆ ಉಬ್ಬು ಇತ್ತಲ್ಲ? ನನಗೆ ಅದು ಬೊದ್ ಅಂತಲೇ ಕೇಳಿಸ್ತು."

"ಮತ್ತೆ?"

"ಮತ್ತೇನು, ನೀನು ಬಿಳಿ ಹಾಕಿದೆ. ಆಗ ಗೊತ್ತಾಯ್ತು, ನಾನು ಇಷ್ಟು ದಿನ ಸುಮ್ಮನೆ ಹೆದರ್ತಿದ್ದೆ ಅಂತ. ಆ ಸದ್ದನ್ನ ಚೆನ್ನಾಗಿ ನೆನಪಿಟ್ಕೊಂಡೆ. ಎಂಟರಿಂದ ಹನ್ನೊಂದರವರೆಗೆ ಅಂಥದ್ದು ಎಷ್ಟು ಬಂತು ಗೊತ್ತಾ? ಮೊದಲಾಗಿದ್ರೆ ಎಲ್ಲಕ್ಕೂ ಕೆಂಪು ಬಳೀತಿದ್ದೆ. ಈಗ ಬಿಳಿ." ಲೋಟ ಎತ್ತಿದಳು. "ಗುರುವಿಗೆ."

ಒನೊರೀನಾನೂ ಲೋಟ ಎತ್ತಿದಳು. ನಾನೂ ಎತ್ತಿದೆ. ಕುಡಿದೆ.

ಐದು ಗೋಡೆ. ಎಷ್ಟು ಬಿಳಿ ಸುಳ್ಳು, ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಸುಳ್ಳು ಅಂತಲೇ ಅವಳಿಗೆ ಗೊತ್ತಿಲ್ಲ. ನಾನು ಬರೀ ನನ್ನ ಕಿವಿ ಬಚ್ಚಿಟ್ಟೆ ಅಂದ್ಕೊಂಡಿದ್ದೆ. ಅವಳದನ್ನೂ ಕೆಡಿಸಿದೆ.

ನಾಳೆ ಒಂಬತ್ತಕ್ಕೆ ದಾರಿ ತೆರೀತಾರೆ. ಮುನ್ನೂರು ಜನ ಹೆಸರು ಕೊಟ್ಟಿದಾರಂತೆ.

ಏಪ್ರಿಲ್ 12, ಶನಿವಾರ, ಬೆಳಿಗ್ಗೆ 10.30

ಮುಂಜಾನೆ ಆರಕ್ಕೇ ಹೋಗಿ ಸುರಂಗದ ಬಾಯಿಗೆ ಕಬ್ಬಿಣದ ಬೇಲಿ ಎಳೆದು ಸರಪಳಿ ಹಾಕಿದೆ. ಕೀಲಿ ಜೇಬಿಗೆ. ಮುಂದೆ ನಿಂತೆ.

ಎಂಟೂವರೆಗೆ ಮೊದಲ ಸೈಕಲ್‌ಗಳು ಬಂದವು. ಒಬ್ಬ ತಾಯಿ, ಹಿಂದೆ ಹಳದಿ ಗಾಡಿ, ಅದರಲ್ಲಿ ಎರಡು ಕೂಸು ಮಲಗಿದ್ದವು. ನನ್ನನ್ನ ನೋಡಿ ನಕ್ಕಳು. ನಾನು ಮೇಲೆ ನೋಡಿದೆ. ಬಿಳಿ ಗೀಟು ಕೆಳಗಿನಿಂದಲೂ ಕಾಣುತ್ತೆ.

ಬ್ರುಮತ್ ಓಡಿ ಬಂದ, ಹೊಸ ಕೋಟು, ಮೈಯೆಲ್ಲ ಬೆವರು. "ದುಯಿಲಿಯೋ, ತಮಾಷೆನಾ ಇದು? ಅಲ್ಲಿ ವಾಲಗದೋರು ಕಾಯ್ತಿದಾರೆ. ಕಾರಣ ಹೇಳಿ."

ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು.

"ಏಳರಲ್ಲಿ ಏನೋ ಕೇಳಿಸ್ತು" ಅಂದೆ.

ಅವನ ಮುಖ ಇಳಿದುಹೋಯ್ತು. "ನಿಮಗೆ ಕೇಳಿಸ್ತು ಅಂದ್ರೆ ಮುಗೀತು ಬಿಡಿ" ಅಂದ. ದಾರಿ ಮುಚ್ಚಿದೆ ಅಂತ ಎಲ್ಲರಿಗೂ ಫೋನು ಮಾಡೋಕೆ ಹೋದ. ಜನ ಬೈಕೊಂಡು ಸೈಕಲ್ ತಿರುಗಿಸಿದರು. ಬದುಕಿದೆ ಅನ್ನಿಸ್ತು. ಥೂ.

ಅದೇ ದಿನ, ಸಂಜೆ

ನೀವೆಸ್ ಹನ್ನೊಂದಕ್ಕೆ ಬಂದಳು. ಬೈತಾಳೆ ಅಂದ್ಕೊಂಡಿದ್ದೆ. ನನ್ನ ಪಕ್ಕ ಕೂತಳು. ಹಗ್ಗ ಕಟ್ಟೋ ಸೊಂಟದ ಪಟ್ಟಿ ಬಿಚ್ಚಿ ನನ್ನ ಕಾಲ ಹತ್ತಿರ ಇಟ್ಟಳು.

"ಯಾವ ಬೊದ್ ಕೆಟ್ಟದ್ದು, ಯಾವುದು ಒಳ್ಳೇದು ಅಂತ ನಿನಗೆ ಕೇಳಿಸುತ್ತೆ, ನನಗೆ ಕೇಳಿಸಲ್ಲ. ನಾಲ್ಕು ಗೋಡೆ ಒಬ್ಬಳೇ ತಟ್ಟಿದೀನಿ. ಅಷ್ಟೂ ತಪ್ಪಿರಬೇಕು. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ, ಚಿಕ್ಕಪ್ಪ."

ಅಳ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ನಿನ್ನ ಕಿವಿ ಸರಿ ಇದೆ" ಅಂದೆ.

"ಸಮಾಧಾನ ಮಾಡಬೇಡ."

"ಸಮಾಧಾನ ಅಲ್ಲ ಕಣೇ. ಉಬ್ಬು ಟೊಳ್ಳೇ. ನಿನಗೆ ಕೇಳಿಸಿದ್ದು ನಿಜ. ನನಗೆ ಏನೂ ಕೇಳಿಸಲಿಲ್ಲ. ನನ್ನ ಕಿವಿ ಹೋಗಿದೆ. ನಿನ್ನ ಹುಬ್ಬು ನೋಡಿ ಬಣ್ಣ ಹಾಕ್ತಿದ್ದೆ."

ನಕ್ಕಳು. ನಿಜವಾಗ್ಲೂ ನಕ್ಕಳು. ಆಮೇಲೆ ನನ್ನನ್ನ ನೋಡಿ ನಿಲ್ಲಿಸಿದಳು. ಎದ್ದಳು. ಹಾರೆ ತಗೊಂಡು, ನನಗೆ ಬೆನ್ನು ಮಾಡಿ, ಸುರಂಗದ ಪಕ್ಕದ ಬಂಡೆಗೆ ಎರಡು ಕಡೆ ಹೊಡೆದಳು.

"ಯಾವುದು ಬಿಳಿ?"

ಬೆನ್ನು ಮಾತ್ರ ಕಾಣ್ತಿತ್ತು. ಜಡೆ, ಭುಜ. ಬೆನ್ನಿನಿಂದ ಏನೂ ಸಿಗಲಿಲ್ಲ. ಮತ್ತೆ ಹೊಡೆದಳು. ಮತ್ತೆ ಕೇಳಿದಳು. ಮೂರನೇ ಸಲ ನಾನು "ಸಾಕು" ಅಂದೆ.

ತಿರುಗಿದಳು. "ಯಾವಾಗಿನಿಂದ?"

"ಮಾರ್ಚ್ ಒಂಬತ್ತು. ಬಟ್ಟಲು ತಟ್ಟಿ ನೋಡಿದೆ."

"ಅಂದ್ರೆ ನನ್ನನ್ನ ಒಂದು ತಿಂಗಳು ಹುಚ್ಚಿ ಮಾಡಿದೆ." ಪಟ್ಟಿ ಎತ್ತಿ ಕಟ್ಕೊಂಡು ಹೋದಳು.

ಏಪ್ರಿಲ್ 17, ಗುರುವಾರ

ಐದು ದಿನ. ಪಕ್ಕದ ಕಣಿವೆಯಲ್ಲಿ ಬಂಡೆ ತಟ್ಟೋ ಎಜಿದಿಯೋನನ್ನ ಕರೆಸ್ಕೊಂಡು ನೀವೆಸ್ ಏಳರಿಂದ ಹನ್ನೊಂದು ಮತ್ತೆ ತಟ್ಟಿದಳು. ನಾನು ಕೆಳಗೆ ಬೇಲಿ ಹತ್ತಿರ. ಸೀಟಿ ಕೂಡ ಕೊಡಲಿಲ್ಲ ನನಗೆ, ಬಾವುಟ ಕೊಟ್ಟಳು.

ಏಳರ ಉಬ್ಬು ನಿನ್ನೆ ಬಿತ್ತು. ಹಾರೆ ಎರಡೇ ಸಲ ಹಾಕಿ ಮೀಟಿದ್ದು, ಅಷ್ಟಕ್ಕೇ ಕಳಚಿತು. ದಾರಿಯ ನಡುಮಧ್ಯ ಬಂದು ಕೂತಿತು, ಟಾರು ಮೊಣಕಾಲುದ್ದ ಕುಸೀತು. ಸದ್ದು ಕಾಲಿನಿಂದ ತಿಳೀತು. ಆ ಹಳದಿ ಗಾಡಿ ಕಣ್ಣ ಮುಂದೆ ಬಂತು.

ಒಟ್ಟು ಹದಿನಾಲ್ಕು ಸುಳ್ಳು ಬಿಳಿ. ಒಂದು ನಂದು, ಹದಿಮೂರು ಅವಳ ಕೈಯಿಂದ. ಹದಿನಾಲ್ಕೂ ನಂದೇ.

ಸಂಜೆ ನೀವೆಸ್ ಮನೆಗೆ ಬಂದಳು. ಕೂರಲಿಲ್ಲ. ಬ್ರುಮತ್‌ಗೆ ಕೊಡಬೇಕಾದ ವರದಿ ಮೇಜಿನ ಮೇಲಿಟ್ಟಳು. ಎಲ್ಲ ತುಂಬಿದಾಳೆ. ಕಾರಣ ಅನ್ನೋ ಕಡೆ ಮಾತ್ರ ಖಾಲಿ.

"ಅದನ್ನ ನಾನು ಬರೆಯಲ್ಲ. ನಿನ್ನ ಬಗ್ಗೆ ಬೇರೆಯವರ ಕೈಯಲ್ಲಿ ಬರೆಸ್ಕೋಬೇಡ."

ಬಾಗಿಲವರೆಗೆ ಹೋಗಿ ನಿಂತಳು. ನನ್ನ ಬಲಗಡೆಗೆ ಬಂದು, ಕೇಳಿಸೋ ಹಾಗೆ ಹೇಳಿದಳು, "ಶುರುವಾದ ತಾರೀಕು ಸರಿಯಾಗಿ ಬರಿ. ಮಾರ್ಚ್ ಒಂಬತ್ತು ಅಂತ ಅವತ್ತು ಅಂದಾಗ ನೀನು ನನ್ನ ಮುಖ ನೋಡಲಿಲ್ಲ."

ಒನೊರೀನಾ ಒಳಗೆ ಪಾತ್ರೆ ತೊಳೀತಿದಾಳೆ. ಅವಳಿಗೂ ಹೇಳಿದೆ. ಬೈಲಿಲ್ಲ. "ಬರಿ" ಅಂದಳು.

ಮೊದಲು ಇಲ್ಲಿ ಬರೆದು ನೋಡ್ತೀನಿ, ಆಮೇಲೆ ಅಲ್ಲಿಗೆ.

ಕಾರಣ: ಪರೀಕ್ಷೆ ಮಾಡಿದವನಿಗೆ ಕಿವಿ ಕೇಳಿಸುವುದಿಲ್ಲ. ಇದು ಅವನಿಗೆ ಗೊತ್ತಿತ್ತು. ನೀವೆಸ್‌ಳ ತಪ್ಪು ಇದರಲ್ಲಿ ಇಲ್ಲ. ಮಾರ್ಚ್ ಒಂಬತ್ತರಿಂದ —

ಅಲ್ಲ.

ಹೋದ ಅಕ್ಟೋಬರ್‌ನಿಂದ. ಆಗ ನೀವೆಸ್ ಮಣಿಕಟ್ಟು ಮುರ್ಕೊಂಡು ಮನೆಯಲ್ಲಿದ್ದಳು. ಇದೇ ದಾರಿಯಲ್ಲಿ ಸೇತುವೆಯಿಂದ ಮೇಲಿನ ಭಾಗ, ಆರು ಗೋಡೆ, ನಾನೊಬ್ಬನೇ ತಟ್ಟಿದ್ದು. ಸದ್ದು ಮಂದ ಅನ್ನಿಸಿತ್ತು. ಮಂಜಿಗೆ ಇರಬೇಕು ಅಂದ್ಕೊಂಡೆ. ಅನುಮಾನಕ್ಕೂ ಕೆಂಪು ಅಂತ ಊರಿಗೆಲ್ಲ ಹೇಳೋನು, ಬಿಳಿ ಹಾಕಿದೆ. ಇಲ್ಲಿನ ಮೊದಲ ಮೂರ್ನಾಲ್ಕು ಗೋಡೆಗೂ ಹಾಗೇ ಹಾಕಿದೆ, ಆದರೆ ಇಲ್ಲಿ ದಾರಿ ಮುಚ್ಚಿದೆ, ಆ ಭಾಗ ಚಳಿಗಾಲದಲ್ಲೂ ಮುಚ್ಚಿಲ್ಲ. ಇಲ್ಲಿಂದ ತಿರುಗಿಸಿ ಕಳಿಸಿದ ಸೈಕಲ್‌ನೋರನ್ನೆಲ್ಲ ಈ ಐದು ದಿನ ಬ್ರುಮತ್ ಕಳಿಸ್ತಿರೋದು ಅಲ್ಲಿಗೇ. ನಾಳೆ ಈಸ್ಟರ್ ರಜೆ ಶುರು. ಬೆಳಿಗ್ಗೆಯವರೆಗೆ ಕಾಯೋ ಹಾಗಿಲ್ಲ, ಈಗಲೇ ಬ್ರುಮತ್‌ಗೆ ಫೋನು